ನೀರಿಗೂ ನೆತ್ತರಿಗೂ ನಡುವೆ ಶಹನಾಜ್

ಶಹನಾಜ್ ನಮ್ಮ ಗೋಡೆಯಾಚೆಯ ಮನೆಯವಳು. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಇನ್ನೂ ಮೂರು ಮನೆಗೊಂದು ಮಗ್ಗ ಓಡುತ್ತದೆ, ಆ ಸದ್ದಿಗೆ ಎಲ್ಲರದೂ ಗಟ್ಟಿ ಗಂಟಲು. ಶಹನಾಜ್ ಮಾತ್ರ ಮೆತ್ತಗೆ. ಅವಳ ತಾಯಿ ಉಮ್ಮೆ ಹಬೀಬಾ ಮತ್ತು ನಾನು ಮೂವತ್ತೆಂಟು ವರ್ಷ ಒಂದೇ ಜಗಲಿಯಲ್ಲಿ ಕೂತು, ಲಾಳಿಗೆ ಹಾಕುವ ಕಂಡಿಕೆಗಳಿಗೆ ದಾರ ಸುತ್ತಿದವರು. ಶಹನಾಜ್ ಏಳು ವರ್ಷದವಳಿದ್ದಾಗಲೇ ಕಡಿದ ಎಳೆಯನ್ನು ಗಂಟು ಕಾಣದ ಹಾಗೆ ಸೇರಿಸುತ್ತಿದ್ದಳು. ಈಗ ಅವಳಿಗೆ ಮೂವತ್ತಾರು.

ಮೂರು ವರ್ಷದ ಹಿಂದೆ ಅವಳು ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಗೆ ಸೇರಿದಳು. ಅಲ್ಲಿ ಏನು ಮಾಡುತ್ತೀರೆಂದು ಕೇಳಿದೆ. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ಹೃದಯದ ಆಪರೇಷನ್ ಮಾಡುವಾಗ ಹೃದಯವನ್ನು ನಿಲ್ಲಿಸುತ್ತಾರೆ. ಮೈಯ ರಕ್ತವೆಲ್ಲ ಕೊಳವೆಯಲ್ಲಿ ಆಚೆ ಬಂದು ಒಂದು ಡಬ್ಬಿಯೊಳಗೆ ಹೋಗುತ್ತದೆ. ಅಲ್ಲಿ ಅದಕ್ಕೆ ಆಮ್ಲಜನಕ ಸಿಗುತ್ತದೆ, ಆಮೇಲೆ ಮೈಗೆ ವಾಪಸ್ಸು. ಆ ಡಬ್ಬಿಯಲ್ಲೇ ರಕ್ತವನ್ನು ಮೊದಲು ತಣ್ಣಗೆ ಮಾಡಬೇಕು, ಕೊನೆಗೆ ಬೆಚ್ಚಗೆ ಮಾಡಬೇಕು. ಅದಕ್ಕೆಂದು ಶಾವಿಗೆಯಷ್ಟು ಸಣ್ಣ ಪ್ಲಾಸ್ಟಿಕ್ ಕೊಳವೆಗಳು ಸಾವಿರಾರು ಇರುತ್ತವೆ. ಒಳಗೆ ನೀರು, ಹೊರಗೆ ರಕ್ತ. ನೀರಿನ ಬಿಸಿ ರಕ್ತಕ್ಕೆ ಹೋಗಬೇಕು, ನೀರು ಹೋಗಬಾರದು.

"ಒಂದು ಹನಿ ಹೋದ್ರೆ?" ಅಂದೆ.

"ಹೋಗಬಾರದು ದೊಡ್ಡಮ್ಮ," ಅಂದಳು. ಅಷ್ಟೇ.

ಆ ದಿನ ಹಾಲು ಕಾಯಿಸುತ್ತಾ ಪಾತ್ರೆಯನ್ನೇ ನೋಡಿಕೊಂಡು ನಿಂತುಬಿಟ್ಟೆ. ಉರಿ ಹಾಲನ್ನು ಮುಟ್ಟುತ್ತಿಲ್ಲ, ಆದರೂ ಹಾಲು ಉಕ್ಕುತ್ತಿದೆ. ನನ್ನ ಪಾತ್ರೆ ಎಷ್ಟು ದಪ್ಪ! ಅವಳ ಕೊಳವೆಯ ಗೋಡೆ ಕೂದಲೆಳೆಯಷ್ಟು ಅಂತೆ.

ಉಮ್ಮೆ ಹಬೀಬಾ ಗೋಡೆಯಾಚೆಯಿಂದ ಕೂಗಿದಳು, "ದಿಲ್ ನಿಲ್ಲಿಸ್ತಾರಂತೆ ಕಣೇ! ಅಲ್ಲಾನ ಕೆಲಸಕ್ಕೆ ನನ್ನ ಮಗಳೂ ಕೈ ಹಾಕವ್ಳೆ. ಮನೇಲಿ ಅನ್ನ ಮಾತ್ರ ಸೀದು ಹೋಗ್ತದೆ."

ಆ ಕೊಳವೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟು, ಚಾಪೆಯ ಹಾಗೆ, ನಡುನಡುವೆ ಸಣ್ಣ ದಾರದಿಂದ ಹೆಣೆಯುವ ಮೆಷೀನು ಶಹನಾಜಳದು. ಮಗ್ಗದ ಮನೆಯವಳೆಂದೇ ಅದನ್ನು ಕೊಟ್ಟಿದ್ದರು. ದಾರ ಕಡಿದರೆ ಸೇರಿಸಬೇಕು. ಹೆಣೆದ ಚಾಪೆಯನ್ನು ಮುಂದಿನವರು ಸುರುಳಿ ಸುತ್ತಿ, ಎರಡು ತುದಿಗೂ ಅಂಟು ಹುಯ್ದು ಗಟ್ಟಿ ಮಾಡುತ್ತಾರೆ.

ಸೇರಿದ ನಾಲ್ಕನೇ ತಿಂಗಳಲ್ಲೇ ಅವಳು ಒಂದು ತಪ್ಪು ಮಾಡಿದಳು. ದಾರ ಕಡಿಯಿತು. ನಮ್ಮಲ್ಲಿ ಎಳೆ ಕಡಿದರೆ ಮೊದಲು ತುದಿಯನ್ನು ನಾಲಿಗೆಗೆ ತಾಗಿಸುತ್ತೇವೆ, ಆಮೇಲೆ ಹೊಸೆಯುತ್ತೇವೆ. ಅದು ಯೋಚಿಸಿ ಮಾಡುವುದಲ್ಲ. ಧೂಳಿನ ಕಣ ಕೂಡ ಇರಬಾರದ ಆ ಕೋಣೆಯಲ್ಲಿ ಶಹನಾಜ್ ಮಾಸ್ಕ್ ಕೆಳಗೆಳೆದು ದಾರವನ್ನು ಬಾಯಿಗೆ ಇಟ್ಟೇಬಿಟ್ಟಳು. ಅವತ್ತಿನ ಚಾಪೆಯೆಲ್ಲ ಕಸಕ್ಕೆ ಹೋಯಿತು.

ಇಂಜಿನಿಯರ್ ಅನಿಲ್‌ಕುಮಾರ್ ಬೈಯಲಿಲ್ಲ. "ಇದು ಸೀರೆ ಅಲ್ಲಮ್ಮಾ, ಇದರ ಮೇಲೆ ರಕ್ತ ಹರಿಯುತ್ತೆ. ಇನ್ನೊಂದು ತಪ್ಪಾದ್ರೆ ಪ್ಯಾಕಿಂಗಿಗೆ ಕಳಿಸ್ತೀನಿ," ಅಂದರು. ಶಹನಾಜಳಿಗೆ ಆ ಮೆಷೀನೆಂದರೆ ಜೀವ. ಪ್ಯಾಕಿಂಗಿನಲ್ಲಿ ಸಂಬಳ ಅಷ್ಟೇ ಬರುತ್ತಿತ್ತು, ಆದರೆ ಡಬ್ಬಕ್ಕೆ ಟೇಪು ಹಚ್ಚುವ ಕೆಲಸ.

ಹೋದ ಆಷಾಢದಲ್ಲಿ ಸುರುಳಿಗಳು ಸೋರತೊಡಗಿದವು. ಸೋರುವುದನ್ನು ನೋಡುವವಳು ಪ್ರಿಯಾಂಕ, ನೆಲಮಂಗಲದ ಹುಡುಗಿ. ಕೊಳವೆಗಳೊಳಗೆ ಗಾಳಿ ತುಂಬಿ ಸುರುಳಿಯನ್ನು ನೀರಲ್ಲಿ ಮುಳುಗಿಸುತ್ತಾಳೆ. ಗುಳ್ಳೆ ಎದ್ದರೆ ಎಲ್ಲೋ ತೂತಿದೆ ಎಂದರ್ಥ. ದಿನಕ್ಕೆ ಇಪ್ಪತ್ತು ಸುರುಳಿಯಲ್ಲಿ ಮೂರೋ ನಾಲ್ಕೋ ಗುಳ್ಳೆ ಬಿಡುತ್ತಿದ್ದವು. ಅಂಟು ಬದಲಾಯಿಸಿದರು, ನಿಲ್ಲಲಿಲ್ಲ. ಬೇರೆ ಕೊಳವೆ ತರಿಸಿದರು, ಆಗಲೂ ಅಷ್ಟೇ. ಕೆಡುವುದೆಲ್ಲ ಸಂಜೆಯ ಸುರುಳಿಗಳೇ ಎಂದು ಅನಿಲ್‌ಕುಮಾರ್ ಗಮನಿಸಿದರು.

"ಸಂಜೆಯಾದ್ರೆ ನಿಮಗೆ ಸುಸ್ತಾಗುತ್ತೆ ಅನ್ಸುತ್ತೆ, ಶಹನಾಜಮ್ಮ. ಶನಿವಾರದವರೆಗೆ ನೋಡ್ತೀನಿ. ಸೋಮವಾರ ಬೇರೆಯವರನ್ನ ಕೂರಿಸ್ತೀನಿ."

ಗುರುವಾರ ಸಾಯಂಕಾಲ ಅವಳು ಮನೆಗೆ ಬಂದಾಗ ನಾನು ಜಗಲಿಯಲ್ಲೇ ಇದ್ದೆ. ಉಮ್ಮೆ ಹಬೀಬಾ ಉರುಳೆಯಿಂದ ಕಂಡಿಕೆಗೆ ದಾರ ಸುತ್ತುತ್ತಿದ್ದಳು. ಉರುಳೆ ಬೇಕಾಬಿಟ್ಟಿ ತಿರುಗಬಾರದೆಂದು ಅದರ ಕತ್ತಿಗೆ ಹುರಿ ಹಾಕಿ ಎರಡು ಕಬ್ಬಿಣದ ತುಂಡು ತೂಗುಬಿಟ್ಟಿರುತ್ತೇವೆ. ಉರುಳೆಯ ದಾರ ಮುಕ್ಕಾಲು ತೀರಿತ್ತು. ಅವಳು ಮಾತಾಡುತ್ತಲೇ ಒಂದು ತುಂಡನ್ನು ಬಿಚ್ಚಿ ಪಕ್ಕಕ್ಕೆ ಇಟ್ಟಳು.

ಶಹನಾಜ್ ಚಪ್ಪಲಿ ಬಿಡುವವಳು ಹಾಗೇ ನಿಂತಳು. "ಅಮ್ಮೀ, ಅದನ್ನ ಯಾಕೆ ತೆಗೆದೆ?"

"ಉರುಳೆ ಸಣ್ಣಗಾಯ್ತಲ್ಲ. ತೆಗೀದಿದ್ರೆ ಎಳೆ ಬಿಗೀತದೆ. ಯಾಕೆ, ನಿಮ್ಮ ದೊಡ್ಡ ಫ್ಯಾಕ್ಟರೀಲಿ ಇದನ್ನ ಹೇಳಿಕೊಡಲಿಲ್ವಾ?"

ಶಹನಾಜ್ ಬ್ಯಾಗಿನಿಂದ ಒಂದು ಚೀಟಿ ತೆಗೆದಳು. ಗುಳ್ಳೆ ಬಿಟ್ಟ ಸುರುಳಿಗಳ ನಂಬರು ಅದರಲ್ಲಿತ್ತು. ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು. ಮಾರನೇ ದಿನ ಹದಿನೇಳು, ಹತ್ತೊಂಬತ್ತು, ಇಪ್ಪತ್ತು. ಹೆಣೆಯುವ ದಾರದ ಉರುಳೆಗೆ ಅಲ್ಲಿ ಬಾಬಿನ್ ಅನ್ನುತ್ತಾರೆ; ಆಷಾಢದಲ್ಲಷ್ಟೇ ಬಂದ ಹೊಸ ದೊಡ್ಡ ಬಾಬಿನ್ ಬೆಳಿಗ್ಗೆ ಹಾಕಿದರೆ ಸರಿಯಾಗಿ ಇಪ್ಪತ್ತನೇ ಚಾಪೆಗೆ ಮುಗಿಯುತ್ತದೆ. ಬಾಬಿನ್ನನ್ನು ಅದುಮಿ ಹಿಡಿಯುವ ಸ್ಪ್ರಿಂಗು ಮಾತ್ರ ಬೆಳಿಗ್ಗೆಯಿಂದ ಸಂಜೆವರೆಗೂ ಒಂದೇ ಬಿಗಿ.

ಶುಕ್ರವಾರ ಅವಳು ಅನಿಲ್‌ಕುಮಾರರ ಮುಂದೆ ನಿಂತು, "ಸಾರ್, ಸಂಜೆ ಕೆಡೋದು ನಾನಲ್ಲ, ಬಾಬಿನ್ನು," ಅಂದಳಂತೆ. ಅವರು ನಗಲಿಲ್ಲ. ದಾರದ ಎಳೆತ ಅಳೆಯುವ ಸಣ್ಣ ಯಂತ್ರ ತಂದು ಹಿಡಿದರು. ಬೆಳಿಗ್ಗೆ ಹನ್ನೆರಡು ಗ್ರಾಂ. ಸಂಜೆ ಇಪ್ಪತ್ಮೂರು. ಬಿಗಿದ ದಾರ ಕೊಳವೆಯನ್ನು ಕಣ್ಣಿಗೆ ಕಾಣದಷ್ಟು ಚಿವುಟುತ್ತಿತ್ತು. ಗಾಳಿ ತುಂಬಿದಾಗ ಚಿವುಟಿದ ಜಾಗವೇ ಬಿರಿಯುತ್ತಿತ್ತು.

ಶನಿವಾರದ ಕಥೆಯನ್ನು ಮಾರನೇ ದಿನ ಶಹನಾಜಳ ಮನೆಗೆ ಬಂದಿದ್ದ ಪ್ರಿಯಾಂಕ ಹೇಳಿದಳು, ಶಹನಾಜ್ ಹೇಳಲಿಲ್ಲ. ಅವತ್ತು ಐದೈದು ಚಾಪೆಗೊಮ್ಮೆ ಸ್ಪ್ರಿಂಗಿನ ತಿರುಪನ್ನು ಅರ್ಧ ಸುತ್ತು ಸಡಿಲ ಮಾಡುತ್ತಾ ಹೋದರಂತೆ. ಸುರುಳಿಗಳು ಸಿದ್ಧವಾದ ಮೇಲೆ ಒಂದೊಂದಾಗಿ ನೀರಿಗೆ. ಹದಿನೇಳರವರೆಗೆ ನೀರು ಅಲುಗಲಿಲ್ಲ. ಹದಿನೆಂಟರಲ್ಲಿ ಒಂದು ಗುಳ್ಳೆ.

"ಅಜ್ಜೀ, ಅಕ್ಕನ ಮುಖ ನೋಡೋಕಾಗ್ಲಿಲ್ಲ. ನಾನು ಬೆರಳಲ್ಲಿ ಗುಳ್ಳೆ ಒರೆಸಿದೆ. ಹೊರಗಡೆ ಅಂಟಿಕೊಂಡು ಬಂದಿದ್ದ ಗಾಳಿ ಅದು! ಮತ್ತೆ ಬರಲೇ ಇಲ್ಲ. ಹತ್ತೊಂಬತ್ತು ಕ್ಲೀನ್, ಇಪ್ಪತ್ತೂ ಕ್ಲೀನ್. ಸಖತ್ ಗುರು ಅಂತ ಸಾರ್ ಮುಂದೇನೇ ಕಿರುಚಿಬಿಟ್ಟೆ."

ಸೋಮವಾರ ಆ ಮೆಷೀನಿನ ಮುಂದೆ ಶಹನಾಜಳೇ ಕೂತಳು. ಈಗ ದಾರ ಕಡಿಮೆಯಾದಂತೆ ತಾನೇ ಸಡಿಲವಾಗುವ ಒಂದು ಪುಟ್ಟ ತೋಳನ್ನು ಅನಿಲ್‌ಕುಮಾರ್ ಅದಕ್ಕೆ ಕೂರಿಸಿದ್ದಾರೆ.

ಫ್ಯಾಕ್ಟರಿ ತೋರಿಸಲು ಕೆಲಸದವರ ಮನೆಯವರನ್ನು ಕರೆಸಿದ ದಿನ ಉಮ್ಮೆ ಹಬೀಬಾ ಜೊತೆ ನಾನೂ ಹೋಗಿದ್ದೆ. ಗಾಜಿನಾಚೆ ಬಿಳೀ ಬಟ್ಟೆಯಲ್ಲಿ ಕಣ್ಣು ಮಾತ್ರ ಕಾಣುವ ಶಹನಾಜ್. ಅವಳ ಮುಂದೆ ಆ ಕೊಳವೆಗಳು ಸಾಲಾಗಿ ಇಳಿದು ಬರುತ್ತಿದ್ದವು, ಬೆಳಕಿನಲ್ಲಿ ಇದ್ದೂ ಇಲ್ಲದ ಹಾಗೆ. ಎಲ್ಲೋ ಯಾರದೋ ಎದೆ ತೆರೆದಾಗ, ನಿಂತ ಹೃದಯ ಮತ್ತೆ ಹೊಡೆಯುವವರೆಗೆ, ಅವರ ನೆತ್ತರೆಲ್ಲ ಇವುಗಳ ಮೇಲೆ ಹಾದು ಬೆಚ್ಚಗಾಗಬೇಕು. ಉಮ್ಮೆ ಹಬೀಬಾ ಗಾಜಿಗೆ ಹಣೆ ತಾಗಿಸಿ ನಿಂತಳು.

ಅಷ್ಟರಲ್ಲಿ ಒಂದು ದಾರ ಕಡಿಯಿತು. ಮೆಷೀನು ನಿಂತಿತು. ಶಹನಾಜಳ ಕೈ ದಾರದ ತುದಿ ಹಿಡಿದು ಮೇಲೆದ್ದಿತು, ಮಾಸ್ಕಿನ ಹತ್ತಿರದವರೆಗೆ. ಗಾಜಿನ ಈಚೆ ಉಮ್ಮೆ ಹಬೀಬಾ ನನ್ನ ಮೊಣಕೈ ಹಿಡಿದುಕೊಂಡಳು. ಆ ಕೈ ಅಲ್ಲೇ ಒಂದು ಗಳಿಗೆ ನಿಂತು, ಹಾಗೇ ಕೆಳಗಿಳಿದು, ಒಣ ದಾರವನ್ನೇ ಗಂಟು ಹಾಕಿತು. ಮೆಷೀನು ಮತ್ತೆ ಓಡತೊಡಗಿತು. ಗಂಟು ಎಲ್ಲಿದೆಯೆಂದು ಎಷ್ಟು ನೋಡಿದರೂ ನನಗೆ ಕಾಣಲಿಲ್ಲ.