ಐದು ವಾಕ್ಯಗಳಲ್ಲಿ ಮೂಢತನ

ಅಚ್ಚುಮನೆಯಲ್ಲಿ ಅವಳನ್ನು ಎಲ್ಲರೂ ವಿರಾಮಕ್ಕ ಎಂದೇ ಕರೆಯುತ್ತಿದ್ದರು. ಬಿಟ್ಟುಹೋದ ಒಂದು ಅಲ್ಪವಿರಾಮಕ್ಕಾಗಿ ಓಡುತ್ತಿದ್ದ ಯಂತ್ರವನ್ನೇ ನಿಲ್ಲಿಸಿದ್ದವಳು. ಅಂದು ಅಂಟಿದ ಹೆಸರು ಬಿಡಲೇ ಇಲ್ಲ. ಇಪ್ಪತ್ತೊಂಬತ್ತು ವರ್ಷ ಕಿಟಕಿ ಪಕ್ಕದ ಮೇಜಿಗೆ ಮೊಣಕೈ ಊರಿ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕರಡು ತಿದ್ದಿದಳು. ಔಷಧದ ಚೀಟಿ, ರೈಲಿನ ವೇಳಾಪಟ್ಟಿ, ವ್ಯಾಕರಣ, ಏನು ಬಂದರೂ ಸರಿ. ಕೋಪ ಮಾತ್ರ ಮೂಗಿನ ತುದಿಯಲ್ಲೇ.

ಕೆಲಸಕ್ಕೆ ಸೇರಿದ ಮೂರನೆಯ ವರ್ಷ, ಲೋಕದ ಜನಾಂಗಗಳ ಪುರಾಣಗಳ ದಪ್ಪ ಸಂಪುಟವೊಂದು ತಿದ್ದಲು ಬಂತು. ಒಂದು ನಾಡಿನಲ್ಲಿ ಆಕಾಶವೂ ಭೂಮಿಯೂ ಗಂಡಹೆಂಡಿರಾಗಿ ತಬ್ಬಿ ಮಲಗಿದ್ದರಂತೆ. ನಡುವೆ ಉಸಿರುಗಟ್ಟಿದ ಮಕ್ಕಳು ಇಬ್ಬರನ್ನೂ ದೂರ ತಳ್ಳಿ ಬೆಳಕು ಕಂಡರಂತೆ. ಇನ್ನೊಂದು ನಾಡಿನಲ್ಲಿ ಸಾವನ್ನು ಗೆಲ್ಲಲು ಹೊರಟ ವೀರನೊಬ್ಬ, ಪಡೆದಿದ್ದ ಮುಪ್ಪು ಕಳೆಯುವ ಗಿಡವನ್ನು ಹಾವು ಕದ್ದೊಯ್ದ ಮೇಲೆ ಬರಿಗೈಯಲ್ಲಿ ಕೂತು ಅತ್ತನಂತೆ. ತಪ್ಪು ಹುಡುಕಬೇಕಾದವಳು ಕಣ್ಣೊರೆಸಿಕೊಂಡಳು. ಆ ಪುಟದಲ್ಲಿ ಮೂರು ತಪ್ಪು ಹಾಗೇ ಉಳಿದವು.

ಅಲ್ಲಿಂದ ಹುಚ್ಚು ಹತ್ತಿತು. ಊರಿನ ವಾಚನಾಲಯದ ಪುರಾಣಗಳ ಕಪಾಟನ್ನು ತುದಿಯಿಂದ ತುದಿಗೆ ಓದಿದಳು. ನಿಘಂಟು ಪಕ್ಕದಲ್ಲಿಟ್ಟುಕೊಂಡು, ಆ ಕಥೆಗಳಿಗೋಸ್ಕರವೇ ಇನ್ನೊಂದು ಭಾಷೆ ಕಲಿತಳು. ಸೃಷ್ಟಿಗೊಂದು, ಪ್ರಳಯಕ್ಕೊಂದು, ಬೆಂಕಿ ತಂದವರಿಗೊಂದು ಎಂದು ನೋಟ್‌ಬುಕ್ಕುಗಳು ಅಡುಗೆಮನೆಯ ಅಟ್ಟದವರೆಗೂ ಏರಿದವು. ಬಸ್ಸು ಓಡಿಸುವ ಗಂಡ ನಗುತ್ತಿದ್ದ. "ಊರೂರ ದೇವರನ್ನೆಲ್ಲ ಮನೆಗೆ ಕರ್ಕೊಂಡ್ಬಂದ್ರೆ ನಾವೆಲ್ಲಿ ಮಲಗೋಣ ಮಾರಾಯ್ತಿ?"

ಹೋದ ವರ್ಷ ಅಚ್ಚುಮನೆಯ ಯಜಮಾನರು ಅವಳನ್ನು ಕರೆದರು. ಶಾಲೆಗಳಿಗೆ ಲೋಕದ ಪುರಾಣಗಳ ಪುಸ್ತಕವೊಂದು ಬೇಕಿತ್ತು. "ನಿಮಗಿಂತ ಬಲ್ಲವರು ಯಾರಿದ್ದಾರಮ್ಮ? ನೀವೇ ಬರೀರಿ."

ಎಂಟು ತಿಂಗಳು ಬರೆದಳು. ಇಪ್ಪತ್ತೆರಡು ಕಥೆ. ಪ್ರತಿಯೊಂದನ್ನೂ ಅದನ್ನು ನಂಬಿದವರ ಪಕ್ಕದಲ್ಲಿ ಕೂತು ಕೇಳಿಸಿಕೊಂಡವಳಂತೆ ಬರೆದಳು. ಹಸ್ತಪ್ರತಿ ಪಠ್ಯ ಸಮಿತಿಗೆ ಹೋಯಿತು. ಅಲ್ಲಿಂದ ಮರಳಿ, ಅಚ್ಚಿನ ಕರಡಾಗಿ, ತಿದ್ದಲೆಂದು ಅವಳ ಮೇಜಿಗೇ ಬಂತು.

ಮೊದಲ ಪುಟ ತಿರುವಿ ಪರಿವಿಡಿ ನೋಡಿದಳು. ಪುಸ್ತಕ ಎರಡು ಹೋಳಾಗಿತ್ತು. ತಮ್ಮವರ ಕಥೆಗಳಿದ್ದ ಭಾಗಕ್ಕೆ 'ದಿವ್ಯ ಚರಿತ್ರೆ' ಎಂದು ಹೆಸರು. ಉಳಿದವರದಕ್ಕೆಲ್ಲ 'ಹಿಂದುಳಿದ ಜನರ ಕಟ್ಟುಕಥೆಗಳು'. ಕೊನೆಯಲ್ಲಿ ಅಭ್ಯಾಸದ ಪ್ರಶ್ನೆ: 'ಈ ಜನರ ಮೂಢತನವನ್ನು ಐದು ವಾಕ್ಯಗಳಲ್ಲಿ ವಿವರಿಸಿ.'

ಅವಳು ಎದ್ದು ಕೂಗಾಡಲಿಲ್ಲ. ತುಟಿ ಕಚ್ಚಿಕೊಂಡು ನೂರಾ ಹನ್ನೆರಡು ಪುಟವನ್ನೂ ತಿದ್ದಿದಳು. ದೀರ್ಘ, ಒತ್ತು, ಸೊನ್ನೆ ಒಂದನ್ನೂ ಬಿಡಲಿಲ್ಲ. ಆಮೇಲೆ ಆ ಎರಡು ಶೀರ್ಷಿಕೆಗಳ ಮೇಲೆ, ಆ ಪ್ರಶ್ನೆಯ ಮೇಲೆ ಕೆಂಪು ಶಾಯಿಯಲ್ಲಿ ಕಾಗದ ಹರಿಯುವಂತೆ ಗೀಟು ಎಳೆದಳು. ಕೊನೆಯ ಪುಟದಲ್ಲಿ ಅಚ್ಚಿಗೆ ಒಪ್ಪಿಗೆಯ ರುಜು ಹಾಕದೆ ಕಟ್ಟನ್ನೆತ್ತಿಕೊಂಡು ಯಜಮಾನರ ಕೋಣೆಗೆ ನಡೆದಳು.

ಅಲ್ಲಿ ಸಮಿತಿಯ ಅಧ್ಯಕ್ಷರೂ ಕೂತಿದ್ದರು. ಕೆಂಪು ಗೀಟು ನೋಡಿ ಹುಬ್ಬೇರಿಸಿದರು. "ನೋಡಮ್ಮಾ, ಕರಡು ನೋಡೋರು ಅಕ್ಷರ ನೋಡ್ಬೇಕು. ಅರ್ಥ ನೋಡೋಕೆ ನಾವಿದ್ದೀವಿ."

"ನೋಡಿದ ಚಂದ ಕಾಣ್ತಿದೆಯಲ್ಲ ಸ್ವಾಮಿ," ಎಂದಳು. ಕಟ್ಟನ್ನು ಅವರ ಮುಂದೆಯೇ ಬಿಡಿಸಿದಳು. "ಒಂಬತ್ತನೇ ಪುಟ ಓದಿ. ಪ್ರಳಯ ಆಗುತ್ತೆ, ಒಬ್ಬ ದೋಣಿ ಹತ್ತಿ ಬದುಕ್ತಾನೆ. ಅರವತ್ತೊಂದನೇ ಪುಟ ಓದಿ. ಪ್ರಳಯ ಆಗುತ್ತೆ, ಒಬ್ಬ ದೋಣಿ ಹತ್ತಿ ಬದುಕ್ತಾನೆ. ನಮ್ಮ ದೋಣಿ ತೇಲಿದ್ರೆ ಚರಿತ್ರೆ, ಅವರ ದೋಣಿ ತೇಲಿದ್ರೆ ಮೂಢತನಾನಾ?"

ಅಧ್ಯಕ್ಷರು ಕೆಮ್ಮಿದರು. "ಮಕ್ಕಳಿಗೆ ಇಷ್ಟೆಲ್ಲ ಗೊಂದಲ ಯಾಕೆ ಅಂತ..."

"ಗೊಂದಲ ಮಕ್ಕಳಿಗಲ್ಲ. ಸತ್ತವರನ್ನ ನೆನೆದು, ಹುಟ್ಟೋದೇಕೆ ಸಾಯೋದೇಕೆ ಅಂತ ತಲೆ ಕೆಡಿಸ್ಕೊಂಡು ಅವರೂ ಕಥೆ ಕಟ್ಟಿದ್ರು, ನಮ್ಮೋರೂ ಕಟ್ಟಿದ್ರು. ಅವರನ್ನ ಹೀಗಳೆಯೋಕೆ ನನ್ನ ಬರಹವೇ ಬೇಕಿತ್ತಾ ನಿಮಗೆ?"

ಯಜಮಾನರು ನಡುವೆ ಬಾಯಿ ಹಾಕಿದರು. "ಉಂಡ ಮನೆ ಜಂತೆ ಎಣಿಸ್ತೀರಲ್ಲಮ್ಮ!"

"ಜಂತೆ ಎಣಿಸೋದೇ ನೀವು ಕೊಟ್ಟ ಕೆಲಸ. ಎಣಿಸಿದ್ದೀನಿ. ಎರಡು ಮುರಿದಿವೆ, ಒಂದು ಕೊಳೆತಿದೆ. ನಾನು ರುಜು ಹಾಕಲ್ಲ."

"ರುಜು ಇಲ್ಲದೆ ಅಚ್ಚಿಗೆ ಹೋಗಲ್ಲ ಅಂತ ಗೊತ್ತಲ್ಲ?"

"ಗೊತ್ತು. ಅದಕ್ಕೇ."

ಯಜಮಾನರು ಅಧ್ಯಕ್ಷರ ಮುಖ ನೋಡಿದರು. ಅಲ್ಲಿ ಏನು ಕಂಡಿತೋ, ಪೆನ್ನೆತ್ತಿ ತಾವೇ ರುಜು ಹಾಕಿದರು. ಅಧ್ಯಕ್ಷರು ಬೆರಳಿಟ್ಟು ತೋರಿಸಿದ ಕೆಂಪು ಗೀಟುಗಳನ್ನು ಒಂದೊಂದಾಗಿ ರದ್ದು ಮಾಡಿದರು. ಅವಳು ತಿದ್ದಿದ ಕಾಗುಣಿತವನ್ನು ಮಾತ್ರ ಹಾಗೇ ಉಳಿಸಿಕೊಂಡರು. ಅವಳಿಗೆ ಎಲ್ಲಕ್ಕಿಂತ ಉರಿದದ್ದು ಅದು.

ತನ್ನ ಮೇಜಿಗೆ ಮರಳಿ, ಕರಡಿನ ಜೊತೆ ಮರಳಿದ್ದ ಹಸ್ತಪ್ರತಿಯನ್ನು ಡ್ರಾಯರಿನಿಂದ ತೆಗೆದುಕೊಂಡಳು. "ಅದು ಸಂಸ್ಥೆಯದ್ದು," ಎಂದು ಯಜಮಾನರು ಬಾಗಿಲಲ್ಲಿ ನಿಂತು ಹೇಳಿದರು. "ಅಚ್ಚಾದದ್ದು ನಿಮ್ಮದು. ಇದು ನನ್ನದು," ಎಂದು ಚೀಲಕ್ಕೆ ತುರುಕಿಕೊಂಡು ಮೆಟ್ಟಿಲಿಳಿದಳು. ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ.

ಪುಸ್ತಕ ಶಾಲೆಗಳಿಗೆ ಹೋಯಿತು. ಎರಡು ವಾರ ಅವಳು ಮನೆಯಲ್ಲಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡಳು. ಕೊನೆಗೆ ಗಂಡನೇ ಕೈಮುಗಿದ. "ಪಾತ್ರೆಗಳು ಏನು ಪಾಪ ಮಾಡಿವೆ? ಎಲ್ಲಾದ್ರೂ ಹೋಗಿ ಆ ಕಥೆಗಳನ್ನ ಹೇಳು."

ವಾಚನಾಲಯದ ಮೇಲಿನ ಕೋಣೆಯನ್ನು ಶನಿವಾರ ಮಧ್ಯಾಹ್ನಗಳಿಗೆ ಕೇಳಿ ಪಡೆದಳು. ಮೊದಲ ವಾರ ಬಂದವರು ಐದು ಜನ, ಗಂಡನನ್ನೂ ಸೇರಿಸಿ. ಅವನು ಪ್ರಳಯಕ್ಕೆ ಮುಂಚೆಯೇ ಗೊರಕೆ ಹೊಡೆದ. ಮೂರನೆಯ ವಾರ ಛತ್ರಿ ಹಿಡಿದ ಶಾಲಾ ಮೇಡಂ ಒಬ್ಬರು ಬಂದು, ಕಥೆ ಮುಗಿದ ಮೇಲೂ ಕೂತೇ ಇದ್ದರು.

"ಆ ಪ್ರಶ್ನೆ ನಾನು ಕ್ಲಾಸಲ್ಲಿ ಕೇಳಿಬಿಟ್ಟೆ ಅಕ್ಕ," ಎಂದರು ಮೆಲ್ಲಗೆ. "ಮಕ್ಕಳು ಐದಲ್ಲ, ಹತ್ತು ವಾಕ್ಯ ಬರೆದ್ರು. ಎಷ್ಟು ಸಲೀಸಾಗಿ ಬರೆದ್ರು ಅಂತೀರಿ! ಒಂದು ಹುಡುಗಿ ಮಾತ್ರ ಬರೀಲಿಲ್ಲ. ಅವಳ ಅಜ್ಜಿ ಆ ಕಥೆಗಳಲ್ಲೊಂದನ್ನ ಹೇಳೋ ಜನದವರಂತೆ."

ವಿರಾಮಕ್ಕ ಚೀಲದಿಂದ ಬಿಳಿ ಹಾಳೆ ತೆಗೆದು, ಪ್ರಶ್ನೆಯನ್ನು ಕಿತ್ತುಹಾಕಬೇಕೆಂದು ಮನವಿ ಬರೆದಳು. ಮೊದಲ ರುಜು ಮೇಡಮ್ಮಿನದು. ಮುಂದಿನ ಶನಿವಾರಗಳಲ್ಲಿ ರುಜುಗಳು ನಲವತ್ತೊಂದಾದವು.

ಆಮೇಲೊಂದು ಸೋಮವಾರ ಅವಳೂ ಮೇಡಮ್ಮೂ ಮನವಿ ಹಿಡಿದು ಸಮಿತಿಯ ಕಚೇರಿಗೆ ಹೋದರು.

"ಅಧ್ಯಕ್ಷರು ಊಟಕ್ಕೆ ಹೋಗಿದ್ದಾರೆ, ನಾಳೆ ಬನ್ನಿ," ಎಂದ ಜವಾನ.

"ಊಟಕ್ಕೆ ಹೋದವರು ನಾಳೆ ಬರ್ತಾರಾ?" ಎಂದು ಗದರಿ, ಬಾಗಿಲೆದುರಿನ ಬೆಂಚಿನ ಮೇಲೆ ಗಟ್ಟಿಯಾಗಿ ಕೂತಳು.