ಅಕ್ಕೋರಿಗೆ ಯಾರೂ ಎದುರು ಹೇಳಲಿಲ್ಲ

ಅಕ್ಕೋರ ಪಾದಗಳು ಭಾರೀ ದೊಡ್ಡವು. ಆ ಶಾಲೆಯಲ್ಲಿ ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು, ಒಳಗೆ ಓಡಾಡಲೆಂದೇ ಇಟ್ಟಿದ್ದ ಬಿಳಿ ಸ್ಲಿಪ್ಪರು ಹಾಕಿಕೊಳ್ಳಬೇಕಿತ್ತು. ಕೊರಿಯಾದಿಂದ ತರಿಸಿದ ಆ ಸ್ಲಿಪ್ಪರುಗಳಲ್ಲಿ ಅಕ್ಕೋರ ಅಳತೆಯದು ಒಂದೂ ಇರಲಿಲ್ಲ. ಬೂದು ಬಣ್ಣದ ಉಣ್ಣೆಯ ಕಾಲುಚೀಲ ಹಾಕಿದ ಪಾದದ ಮುಂಭಾಗವನ್ನಷ್ಟೇ ಅದರೊಳಗೆ ತುರುಕಿ, ಹಿಮ್ಮಡಿಯನ್ನು ನೆಲಕ್ಕೆ ಊರಿ, ಚಟ್ ಚಟ್ ಎಂದು ಅವರು ನಡೆದು ಬಂದರೆ ಆ ಸದ್ದಿಗೇ ತರಗತಿಗಳು ಗಪ್‌ಚಿಪ್ ಆಗುತ್ತಿದ್ದವು. ನಾನೂ ಆಗುತ್ತಿದ್ದೆ, ಒಳಗೊಳಗೆ ಹಲ್ಲು ಕಡಿಯುತ್ತ.

ಎರಡು ಸಾವಿರದ ಇಸವಿಯ ನಂತರದ ವರ್ಷಗಳು ಅವು. ಪುಣೆ ಹೊರಗೆ ಚಾಕಣದ ಕಡೆಯ ಕಾರ್ಖಾನೆಗಳಿಗೆ ಕೊರಿಯಾದಿಂದ ಎಂಜಿನಿಯರುಗಳು ಹೆಂಡತಿ ಮಕ್ಕಳ ಸಮೇತ ಬಂದಿಳಿಯುತ್ತಿದ್ದರು. ಆ ಮಕ್ಕಳಿಗಾಗಿ ಊರೊಳಗೆ, ಕ್ಯಾಂಪ್ ಎನ್ನುವ ಹಳೇ ದಂಡು ಪ್ರದೇಶದ ಒಂದು ಓಣಿಯಲ್ಲಿ, ಬಾಡಿಗೆ ಬಂಗಲೆಯೊಂದರಲ್ಲಿ ಪುಟ್ಟ ಪ್ರಾಥಮಿಕ ಶಾಲೆ ನಡೆಯುತ್ತಿತ್ತು. ಕೊರಿಯನ್ ಭಾಷೆ, ಗಣಿತಕ್ಕೆಲ್ಲ ಅವರದೇ ಶಿಕ್ಷಕರು. ಇಂಗ್ಲಿಷಿಗೆ ಮಾತ್ರ ನಾವಿಬ್ಬರು. ಅಕ್ಕೋರು ಧಾರವಾಡದವರು. ಗಂಡ ಬೇಗ ತೀರಿಕೊಂಡು, ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಇಡೀ ಆಯುಷ್ಯ ಕಲಿಸಿ ನಿವೃತ್ತರಾಗಿ, ಪುಣೆಯ ಬಿಬವೇವಾಡಿಯಲ್ಲಿ ಅಣ್ಣನ ಮಗನ ಮನೆಯಲ್ಲಿದ್ದರು. ನಾನು ಬೆಳಗಾವಿಯಿಂದ ಬಂದ ಅರಿವೆ ವ್ಯಾಪಾರಿಯ ಮಗಳು, ಆಗಷ್ಟೇ ಬಿ.ಎಡ್. ಮುಗಿಸಿದವಳು. ನಮ್ಮ ಕಡೆ ಪಾಠ ಹೇಳುವ ಹೆಂಗಸಿಗೆ ಅಕ್ಕೋರು ಎನ್ನುತ್ತಾರೆ. ಹಾಗಾಗಿ ನಾನೂ ಅವರನ್ನು ಮೊದಲ ದಿನದಿಂದ ಹಾಗೇ ಕರೆದೆ.

ಆ ಮೊದಲ ದಿನವೇ ಅವರು ನನ್ನ ಪಾಠವನ್ನು ಬಾಗಿಲಲ್ಲಿ ನಿಂತು ಕೇಳಿ, ಮಕ್ಕಳೆದುರೇ ನನ್ನ ಉಚ್ಚಾರ ತಿದ್ದಿದರು. ನನಗೆ ಮೈ ಉರಿಯಿತು. ಮಧ್ಯಾಹ್ನ ಡಬ್ಬಿ ತೆಗೆಯುವಾಗ, "ಹಂಗೂ ಅನ್ನಬಹುದ್ರಿ ಅಕ್ಕೋರ, ಡಿಕ್ಷನರಿಯೊಳಗ ಎರಡೂ ಅವ" ಎಂದೆ. ಅವರು ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಉದುರಿಸುತ್ತ ನನ್ನತ್ತ ನೋಡದೆಯೇ ಹೇಳಿದರು: "ತಂಗೀ, ನಾ ಹೇಳಿದ ಮ್ಯಾಲ ಮುಗೀತು." ಆಮೇಲೆ ಆ ರೊಟ್ಟಿಯ ದೊಡ್ಡ ಭಾಗವನ್ನೇ ಮುರಿದು ನನ್ನ ಡಬ್ಬಿಗೆ ಹಾಕಿದರು. ಅವರ ಜೊತೆ ಪೂರ್ತಿ ಜಗಳ ಆಡುವುದೂ ಸಾಧ್ಯವಿರಲಿಲ್ಲ.

ಕೊರಿಯಾದ ಮಕ್ಕಳೆಂದರೆ ಅವರಿಗೆ ಪ್ರಾಣ. ಆ ಮಕ್ಕಳು ಶಿಕ್ಷಕರನ್ನು ಕಂಡ ಕೂಡಲೇ ನಡುಬಗ್ಗಿಸಿ ನಮಸ್ಕರಿಸುತ್ತಿದ್ದವು, ಏನು ಕೊಟ್ಟರೂ ಎರಡೂ ಕೈಯಿಂದ ತೆಗೆದುಕೊಳ್ಳುತ್ತಿದ್ದವು. "ಇವು ನಮ್ಮ ಹಳೇ ಕಾಲದ ಹುಡುಗೂರು ನೋಡು. ಒಂದರೆ ಎದುರು ಮಾತಾಡ್ತಾವೇನು?" ಎಂದು ಅಕ್ಕೋರು ಬೀಗುತ್ತಿದ್ದರು. ಒಂದೊಂದು ಮಗುವಿನ ಹೆಸರನ್ನೂ ಕೊರಿಯನ್ ಅಕ್ಷರಗಳಲ್ಲಿ ಬರೆಯಲು ಕಲಿತಿದ್ದರು. ಆ ವಯಸ್ಸಿನಲ್ಲಿ ಹೊಸ ಲಿಪಿ! ನನಗಂತೂ ಇವತ್ತಿಗೂ ಒಂದಕ್ಷರ ಬರದು.

ಆ ಶಾಲೆಯ ಡಿಸೆಂಬರ್ ಗಡಿಬಿಡಿಯ ತಿಂಗಳು. ಚಳಿಗಾಲದ ರಜೆಗೆ ಮುಂಚೆ ಮಕ್ಕಳ ಕಾರ್ಯಕ್ರಮ, ಅದರಲ್ಲೊಂದು ಇಂಗ್ಲಿಷ್ ನಾಟಕ. ಜೊತೆಗೆ, ವರ್ಷದ ಕೊನೆಗೇ ಕಂಪನಿಗಳಿಂದ ವರ್ಗದ ಆದೇಶ ಬರುತ್ತಿತ್ತು. ಯಾವ ಮನೆಯವರು ಊರಿಗೆ ವಾಪಸು, ಯಾವ ಮಗು ಜನವರಿಯಲ್ಲಿ ಇರುವುದಿಲ್ಲ ಎಂಬುದು ಆಗ ಗೊತ್ತಾಗುತ್ತಿತ್ತು. ಸ್ವೆಟರು, ಕಿವಿಗೆ ಸ್ಕಾರ್ಫು ಕಟ್ಟಿಕೊಂಡು "ಏನ್ ಥಂಡಿ ಅದ ಮಾರಾಯ್ತಿ" ಎಂದು ಅಕ್ಕೋರು ನಡುಗಿದರೆ, ಮೊಣಕಾಲುದ್ದ ಹಿಮ ಕಂಡ ಮಕ್ಕಳು ಅರ್ಧ ತೋಳಿನ ಅಂಗಿಯಲ್ಲಿ ನಿಂತು ಬಾಯಿ ಮುಚ್ಚಿಕೊಂಡು ನಗುತ್ತಿದ್ದವು.

ಆ ವರ್ಷ ನಾಟಕದ ಮುಖ್ಯ ಪಾತ್ರ ಮೂರನೇ ತರಗತಿಯ ಒಬ್ಬ ಹುಡುಗನದು. ಮುಂದಿನ ಹಲ್ಲು ಬಿದ್ದವನು, ಅಕ್ಕೋರ ಸೆರಗಿನ ತುದಿ ಹಿಡಿದುಕೊಂಡೇ ಮಾತು ಒಪ್ಪಿಸುವವನು. ಡಿಸೆಂಬರಿನ ಮೊದಲ ವಾರದಲ್ಲಿ ಅವನಿಗೆ ಡೆಂಗಿ ಜ್ವರ ಬಂತು. ಕ್ಯಾಂಪಿನಲ್ಲೇ ಒಂದು ಆಸ್ಪತ್ರೆಗೆ ಸೇರಿಸಿದರು. ಅಕ್ಕೋರು ನಾಟಕದ ಅಭ್ಯಾಸ ನಿಲ್ಲಿಸಿ ಮಕ್ಕಳಿಂದ ಒಂದು ದೊಡ್ಡ ಕಾರ್ಡು ಮಾಡಿಸಿದರು. ಪ್ರತಿಯೊಂದು ಮಗು ಇಂಗ್ಲಿಷಿನಲ್ಲಿ ಒಂದೊಂದು ಸಾಲು ಬರೆಯಿತು. ನಡುವೆ ಹುಡುಗನ ಹೆಸರನ್ನು ಮಾತ್ರ ಅಕ್ಕೋರೇ ಬರೆದರು: ಕೊರಿಯನ್ ಅಕ್ಷರಗಳಲ್ಲಿ, ದಪ್ಪಗೆ, ಕೆಂಪು ಸ್ಕೆಚ್ ಪೆನ್ನಿನಲ್ಲಿ. ಲಗ್ನಪತ್ರಿಕೆಗೆ ಹಚ್ಚುವ ಹಾಗೆ ನಾಲ್ಕು ಮೂಲೆಗೂ ಅರಿಶಿನ ಬಣ್ಣ ಬಳಿದರು. "ಕೆಂಪು ಅಂದ್ರ ಶುಭ. ನಾ ಹಚ್ಚಿಕೊಳ್ಳೋದು ಬಿಟ್ಟು ಭಾಳ ವರ್ಷ ಆತು, ಕೂಸಿಗೆ ಹಚ್ಚಲಿಕ್ಕೆ ಏನಡ್ಡಿ?" ಎಂದು ನನಗೆ ಹೇಳಿದರು. ತರಗತಿ ಎಂದಿಗಿಂತ ಹೆಚ್ಚು ಮೌನವಾಗಿತ್ತು. ಒಬ್ಬ ಹುಡುಗಿ ಅಳುತ್ತಿದ್ದಳು. ಗೆಳೆಯನ ಚಿಂತೆ ಎಂದುಕೊಂಡು ಅಕ್ಕೋರು ಅವಳ ತಲೆ ಸವರಿದರು.

ಸಂಜೆ ನಾವಿಬ್ಬರೂ ಆಸ್ಪತ್ರೆಗೆ ಹೋದೆವು. ಹುಡುಗ ನಿದ್ದೆಯಲ್ಲಿದ್ದ. ಅವನ ತಾಯಿ ಕಾರ್ಡನ್ನು ಎರಡೂ ಕೈಯಿಂದ ತೆಗೆದುಕೊಂಡರು, ನೋಡಿದರು. ಮುಖದ ರಕ್ತವೆಲ್ಲ ಇಳಿದುಹೋಯಿತು. ಕಾರ್ಡನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟು, ತಲೆ ಬಗ್ಗಿಸಿ, ಹೊರಗೆ ಹೊರಟುಹೋದರು. ಆಟೋದಲ್ಲಿ ಮರಳುವಾಗ ಅಕ್ಕೋರು, "ನಾ ಏನ್ ಮಾಡಿದೆ ತಂಗೀ?" ಎಂದು ಕೇಳುತ್ತಲೇ ಇದ್ದರು. ನನಗೂ ತಿಳಿದಿರಲಿಲ್ಲ.

ಮರುದಿನ ಬೆಳಿಗ್ಗೆ ಹುಡುಗನನ್ನು ಐ.ಸಿ.ಯು.ಗೆ ಹಾಕಿದರೆಂಬ ಸುದ್ದಿ ಬಂತು. ಕೊರಿಯಾದವರೇ ಆದ ಮುಖ್ಯೋಪಾಧ್ಯಾಯಿನಿ ನಮ್ಮಿಬ್ಬರನ್ನೂ ಒಳಗೆ ಕರೆದು, ತಮಗೆ ಬರುವ ಇಂಗ್ಲಿಷಿನಲ್ಲಿ ನಿಧಾನವಾಗಿ ತಿಳಿಸಿದರು. ತಪ್ಪು ತಿದ್ದಲು ಕೆಂಪು ಇಂಕು ಬಳಸಿದರೆ ಅಡ್ಡಿಯಿಲ್ಲ. ಆದರೆ ಬದುಕಿರುವವರ ಹೆಸರನ್ನು ತಮ್ಮಲ್ಲಿ ಕೆಂಪಿನಲ್ಲಿ ಬರೆಯುವುದಿಲ್ಲ, ಅದು ಸತ್ತವರಿಗೆ. ಬರೆದರೆ ಸಾವು ಬಯಸಿದ ಹಾಗೆ.

ಅಕ್ಕೋರು ಕುರ್ಚಿಯ ಕೈ ಹಿಡಿದುಕೊಂಡರು. "ಅಷ್ಟು ಮಕ್ಕಳು ನೋಡ್ತಿದ್ದರು. ಒಬ್ಬರೂ ಯಾಕೆ ಹೇಳಲಿಲ್ಲ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ನೀವು ಟೀಚರ್," ಎಂದರು ಮುಖ್ಯೋಪಾಧ್ಯಾಯಿನಿ. ಅವರ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ಅದು ಅವರಿಗೆ ಅಷ್ಟು ಸಹಜವಾದ ಉತ್ತರ.

ಅಕ್ಕೋರು ಎದ್ದು ನೇರ ಆಸ್ಪತ್ರೆಗೆ ಹೊರಟರು. ನಾನು ಬೆನ್ನು ಹತ್ತಿದೆ. ಐ.ಸಿ.ಯು. ಹೊರಗಿನ ಬೆಂಚಿನ ಮೇಲೆ ತಾಯಿ ಒಬ್ಬರೇ ಕೂತಿದ್ದರು. ನಮ್ಮನ್ನು ಕಂಡು ಎದ್ದು ನಿಂತು ತಲೆ ಬಗ್ಗಿಸಿದರು. ಅಂಥ ಹೊತ್ತಿನಲ್ಲೂ ಮರ್ಯಾದೆ ಬಿಡಲಿಲ್ಲ. ಆದರೆ ಅಕ್ಕೋರ ಮುಖ ನೋಡಲಿಲ್ಲ. ಅಕ್ಕೋರು ಕ್ಷಮೆ ಕೇಳಲು ಬಾಯಿ ತೆರೆದರು. ಅಷ್ಟು ವರ್ಷ ಇಂಗ್ಲಿಷ್ ಕಲಿಸಿದವರಿಗೆ ಒಂದು ವಾಕ್ಯ ಹೊರಡಲಿಲ್ಲ.

ಆಗ ಅವರು ಚೀಲದಿಂದ ಅದೇ ಕೆಂಪು ಸ್ಕೆಚ್ ಪೆನ್ನು ತೆಗೆದು, ತಮ್ಮ ಎಡ ಅಂಗೈಯ ಮೇಲೆ ತಮ್ಮ ಹೆಸರನ್ನು ಬರೆದುಕೊಂಡರು. ತಾಯಿಗೆ ಓದಲು ಬರಲೆಂದು ಕೊರಿಯನ್ ಅಕ್ಷರಗಳಲ್ಲಿ. ಅಂಗೈಯನ್ನು ಆಕೆಯ ಮುಂದೆ ಚಾಚಿ ಕನ್ನಡದಲ್ಲೇ ಹೇಳಿದರು: "ಕೂಸಿನ ಪೀಡಾ ಎಲ್ಲಾ ನನಗ ಬರಲಿ ಯವ್ವಾ. ನಾ ಉಂಡು ಉಟ್ಟು ಮುಗಿಸೀನಿ. ಅದಕ್ಕ ಏನೂ ಆಗೋದು ಬ್ಯಾಡ."

ಮಾತು ತಿಳಿಯಲಿಲ್ಲ, ಅಂಗೈ ತಿಳಿಯಿತು. ಆಕೆ ಚೀರಿದ ಹಾಗೆ ಏನೋ ಅಂದು ಆ ಕೈಯನ್ನು ಹಿಡಿದೆಳೆದುಕೊಂಡರು. ಬಾಟಲಿಯ ನೀರು ಸುರಿದು ಹೆಬ್ಬೆರಳಿನಿಂದ ಗಸಗಸ ಉಜ್ಜತೊಡಗಿದರು. ಬಣ್ಣ ಸುಲಭವಾಗಿ ಹೋಗುವಂಥದ್ದಲ್ಲ, ಅಂಗೈ ತುಂಬ ಹರಡಿತು. "ನೋ, ಟೀಚರ್. ಟೀಚರ್, ನೋ," ಎನ್ನುತ್ತ, ಅಳುತ್ತ, ಮತ್ತೆ ನೀರು ಹಾಕಿ ಮತ್ತೆ ಉಜ್ಜಿದರು. ಕೊನೆಗೆ ಇಬ್ಬರೂ ಆ ಒದ್ದೆ ಬೆಂಚಿನ ಮೇಲೆ ಕೈ ಬಿಡದೆ ಕೂತರು. ನಾನು ಗೋಡೆಗೆ ಮುಖ ಮಾಡಿ ನಿಂತಿದ್ದೆ.

ಹುಡುಗ ಉಳಿದ. ರಜೆಯ ಹಿಂದಿನ ದಿನ ಕಡ್ಡಿಯಂತಾಗಿ ಶಾಲೆಗೆ ಬಂದು, ಅಕ್ಕೋರ ಪಕ್ಕ ಕುರ್ಚಿ ಹಾಕಿಕೊಂಡು ತನ್ನ ಪಾತ್ರವನ್ನು ಬೇರೊಬ್ಬ ಆಡುವುದನ್ನು ಮುಖ ಗಂಟಿಕ್ಕಿಕೊಂಡು ನೋಡಿದ. ಆ ಸಲದ ವರ್ಗದ ಆದೇಶದಲ್ಲಿ ಅವನ ತಂದೆಯ ಹೆಸರೂ ಇತ್ತು. ಹೊಸ ವರ್ಷದ ಹೊತ್ತಿಗೆ ಅವರ ಮನೆ ಖಾಲಿಯಾಯಿತು.

ಆದರೆ ಅಕ್ಕೋರು ಸುಧಾರಿಸಿಕೊಳ್ಳಲಿಲ್ಲ. ಹುಡುಗ ಉಳಿದದ್ದು ದೇವರ ದಯೆ, ಮಕ್ಕಳು ಸುಮ್ಮನಿದ್ದದ್ದು ತಮ್ಮ ತಪ್ಪು ಎಂದು ಅವರು ತೀರ್ಮಾನಿಸಿಬಿಟ್ಟಿದ್ದರು. "ಆಯುಷ್ಯಪೂರ್ತಿ ಅಂಜಿಸೇ ಕಲಿಸಿದೆ ತಂಗೀ. ಎಷ್ಟು ಹುಡುಗೂರು ಎಷ್ಟು ಮಾತು ನುಂಗಿಕೊಂಡಾವೋ ಏನೋ" ಎಂದು ಡಬ್ಬಿ ಮುಂದಿಟ್ಟುಕೊಂಡು ಹಾಗೇ ಕೂತುಬಿಡುತ್ತಿದ್ದರು. ಜನವರಿಯಲ್ಲಿ ಒಂದು ದಿನ ಬೋರ್ಡಿನ ಮೇಲೆ, ಹಸುವಿಗೆ ಐದು ಕಾಲು ಎಂದು ಇಂಗ್ಲಿಷಿನಲ್ಲಿ ಬರೆದು ಮಕ್ಕಳತ್ತ ತಿರುಗಿ ನಿಂತರು. ಮಕ್ಕಳು ಬೋರ್ಡು ನೋಡಿದವು, ಒಬ್ಬರ ಮುಖ ಒಬ್ಬರು ನೋಡಿಕೊಂಡವು, ತಲೆ ತಗ್ಗಿಸಿ ಅದನ್ನೇ ಬರೆದುಕೊಂಡವು. ಒಬ್ಬನಂತೂ ಕೆಳಗೆ ಐದು ಕಾಲಿನ ಹಸುವಿನ ಚಿತ್ರವನ್ನೂ ಅಚ್ಚುಕಟ್ಟಾಗಿ ಬಿಡಿಸಿದ. ನನಗೆ ನಗು ತಡೆಯಲಾಗಲಿಲ್ಲ. ಅಕ್ಕೋರು ನಗಲಿಲ್ಲ.

ಮೀನು ಮರ ಹತ್ತಿತು, ಅಜ್ಜಿಗೆ ಏಳು ಮೂಗು, ಹೀಗೆ ದಿನಕ್ಕೊಂದು ಸುಳ್ಳು ಬರೆಯುತ್ತ ಹೋದರು. ಫೆಬ್ರವರಿಯಲ್ಲಿ ಒಂದನೇ ತರಗತಿಯ ಪುಟ್ಟಿಯೊಬ್ಬಳು, ಕೆಂಪೇರಿದ ಮುಖದಲ್ಲಿ, ಅರ್ಧ ಕೈ ಎತ್ತಿ, "ಟೀಚರ್... ನೋ" ಎಂದಳು. ಅಕ್ಕೋರು ಬೋರ್ಡಿನ ಕಡೆ ತಿರುಗಿ, ಒರೆಸಿದ ಜಾಗವನ್ನೇ ಬಹಳ ಹೊತ್ತು ಒರೆಸಿದರು.

ಕೆಲವು ವರ್ಷಗಳಲ್ಲಿ ಕೊರಿಯಾದ ಕುಟುಂಬಗಳು ಕಡಿಮೆಯಾಗಿ ಶಾಲೆ ಮುಚ್ಚಿತು. ನನಗೆ ಬೇರೆ ಕಡೆ ಕೆಲಸ ಸಿಕ್ಕಿತು. ಅಕ್ಕೋರಿಗೆ ಹೊಟ್ಟೆಯ ಕ್ಯಾನ್ಸರ್ ಎಂದು ತಿಳಿಯುವಾಗ ತಡವಾಗಿತ್ತು. ಅವರು ತೀರಿಕೊಳ್ಳುವುದಕ್ಕೆ ವಾರ ಮುಂಚೆ, ಒಂದು ಮಧ್ಯಾಹ್ನ, ಬಿಬವೇವಾಡಿಯ ಮನೆಗೆ ನೋಡಲು ಹೋದೆ. ಮಂಚದ ಮೇಲೆ ಚಿಕ್ಕದಾಗಿ ಮಲಗಿದ್ದರು. ಕಣ್ಣಿನ ಗತ್ತು ಮಾತ್ರ ಹಾಗೇ ಇತ್ತು.

"ಎಲ್ಲಾರೂ ಬರ್ತಾರ, ಆರಾಮ ಆಗ್ತೀರಿ ಅಂತಾರ. ಡಾಕ್ಟರೂ ಅದನ್ನ ಅಂತಾನ. ನೀ ಹೇಳು ತಂಗೀ, ನಾ ಆರಾಮ ಆಗ್ತೀನೇನು?"

ಬಾಗಿಲಲ್ಲಿ ನಿಂತಿದ್ದ ಅಣ್ಣನ ಮಗನ ಹೆಂಡತಿ, ಹೇಳಬೇಡಿ ಎಂದು ನನಗೆ ಕಣ್ಸನ್ನೆ ಮಾಡಿದಳು. ನಾನು ಅಕ್ಕೋರ ಕಡೆಗೇ ತಿರುಗಿದೆ.

"ಇಲ್ರಿ ಅಕ್ಕೋರ" ಎಂದೆ.

ಅಕ್ಕೋರು ಉದ್ದಕ್ಕೆ ಉಸಿರು ಬಿಟ್ಟರು. "ಒಬ್ಬಾಕೆರ ಹೇಳಿದಿ ನೋಡು," ಎಂದು ನನ್ನ ಕೈಯನ್ನು ಹುಡುಕಿ ಹಿಡಿದರು. "ಕುಂದ್ರು ಈಗ. ಹೇಳೋದು ಭಾಳ ಅದ."

ಹೊತ್ತು ಮುಳುಗುವವರೆಗೂ ಅವರು ಹೇಳಿದರು, ನಾನು ಕೇಳಿದೆ. ಒಂದೆರಡು ಕಡೆ ಎದುರೂ ಹೇಳಿದೆ.