ಬೆಳಗಾದರೆ ಸಿಕ್ಕಿಬೀಳುವ ಮಲಕಾರಿ

ಅಲಖನೂರಿನ ಶಾಲೆಯ ಹಿಂದಿನ ಬಯಲಿನಲ್ಲಿ ಇನ್ನೂ ಮಬ್ಬುಗತ್ತಲು. ಮಲಕಾರಿ ಕಬಡ್ಡಿ ಅಂಕಣದ ಮಣ್ಣು ಸಡಿಲಿಸಿ, ಹರಳು ಆರಿಸಿ ಎಸೆದು, ನೀರು ಚಿಮುಕಿಸುತ್ತಿದ್ದಾರೆ. ಹುಡುಗರು ಬರುವಷ್ಟರಲ್ಲಿ ನೆಲ ಮೆತ್ತಗಾಗಬೇಕು. ಅದರ ಮೇಲೆ ಬೀಳುವವರು ಮಲಕಾರಿಯೇ.

ಹುಡುಗರು ಸಾಲಾಗಿ ನಿಂತ ಮೇಲೆ ಮಲಕಾರಿ ಧೋತರ ಎತ್ತಿ ಕಟ್ಟಿ, ಉಸಿರು ಹಿಡಿದು ಅವರ ನಡುವೆ ನುಗ್ಗುತ್ತಾರೆ. ಒಬ್ಬ ಕಾಲು ಹಿಡಿಯುತ್ತಾನೆ, ಉಳಿದವರು ಮೇಲೆ ಬೀಳುತ್ತಾರೆ. ಮಲಕಾರಿ ಎದ್ದು ಮೈ ಕೊಡವಿಕೊಂಡು ಮತ್ತೆ ನುಗ್ಗುತ್ತಾರೆ. ಊರ ತಂಡಕ್ಕೆ ಹಿಡಿತ ಕಲಿಸಲು ದಿನವೂ ಸಿಕ್ಕಿಬೀಳುವುದೇ ಅವರ ಕೆಲಸ.

"ನಾ ಜಾಸ್ತಿ ಜಗ್ಗಂಗಿಲ್ರಿ. ಜಗ್ಗಿದ್ರ ಹುಡುಗರ ಕೈ ಉಳಕತಾವ. ಹಿಡದ್ರು ಅಂದ ಕೂಡ್ಲೇ ಮೈ ಸಡ್ಲ ಬಿಡೂದು, ಅಷ್ಟ," ಎನ್ನುತ್ತಾರೆ.

ಮೀಸೆ ಮೂಡುವಾಗ ಶುರುವಾದ ಈ ಕೆಲಸ ಮೀಸೆ ನರೆತರೂ ಮುಗಿದಿಲ್ಲ. ಸಂಬಳವಿಲ್ಲ, ಪಂದ್ಯದ ದಿನ ನೀರಿನ ಕೊಡ ಹೊರುವ ಗೌರವ ಮಾತ್ರ ಉಂಟು. ಹೊಟ್ಟೆಪಾಡು ಸಾಗುವುದು ಕುರಿಗಳಿಂದ. ಇವರು ಮನೆಗೆ ಬರುವತನಕ ಹಟ್ಟಿ ನೋಡಿಕೊಳ್ಳುವ ಹೆಂಡತಿ ತಾರವ್ವ ನಗುತ್ತಾರೆ: "ಬ್ಯಾರೆ ಮಂದಿ ಗಂಡಂದ್ರು ದುಡದ ಬರ್ತಾರ. ನಮ್ಮವರು ಬಿದ್ದ ಬರ್ತಾರ್ರಿ."

ಇಷ್ಟಾದರೂ ಈ ಹಂಗಾಮಿನವರೆಗೆ ಮಲಕಾರಿ ಒಂದು ಪಂದ್ಯವನ್ನೂ ಆಡಿದವರಲ್ಲ. ಹಿಡಿದವರನ್ನು ಎಳೆದುಕೊಂಡೇ ಹೋಗಿ ನಡುಗೆರೆ ಮುಟ್ಟಬೇಕು, ಅದೂ ಜನ ನೋಡುವಾಗ, ಎಂಬ ಆಸೆ ಮಾತ್ರ ಹಾಗೆಯೇ ಉಳಿದಿದೆ.

ತೊಂಬತ್ತೆರಡರ ಈ ಹಂಗಾಮು ತಂಡಕ್ಕೆ ಒಲಿದಿಲ್ಲ. ಒಳ್ಳೆಯ ಆಟಗಾರರು ಕಬ್ಬಿನ ಕಟಾವಿಗೆ ಹೋಗಿದ್ದಾರೆ. ಅಂಕಣದಲ್ಲಿ ಏಳು ಮಂದಿ, ಹೊರಗೆ ಬದಲಿಗೆ ಒಬ್ಬರೂ ಇಲ್ಲ. ಊರ ಕಬಡ್ಡಿ ಸಂಘದ ಗಂಟೆಲ್ಲ ಇಚಲಕರಂಜಿ ಕಡೆಯ ದಾಳಿಗಾರ ಸರ್ಜೇರಾವನಿಗೆ ಹೋಗಿದೆ. ಇಡೀ ಹಂಗಾಮಿಗೆ ಕರಾರು, ಮೇಲೆ ಊಟ, ವಸತಿ, ಮೋಟರ್‌ಸೈಕಲ್ಲಿಗೆ ಪೆಟ್ರೋಲು. "ಆ ರೊಕ್ಕದಾಗ ನಾಕ ಮಂದಿ ಬರ್ತಿದ್ರು ಖರೆ. ಆದ್ರ ಮಂದಿ ನೋಡಾಕ ಬರೂದು ಅವನೊಬ್ಬನ್ನ," ಎನ್ನುತ್ತಾರೆ ದ್ರಾಕ್ಷಿ ತೋಟದ ಒಡೆಯರೂ ಸಂಘದ ಅಧ್ಯಕ್ಷರೂ ಆದ ಬಾಬಾಸಾಹೇಬರು.

ಪಾಲಬಾವಿಯ ಮೊದಲ ಪಂದ್ಯದಲ್ಲಿ ಒಬ್ಬನ ಕಾಲು ಉಳುಕಿ, ಆರೇ ಮಂದಿ ಆಡಿ ಸೋತರು. ಅವನ ಕಾಲು ವಾಸಿಯಾದ ಮೇಲೆ ಎರಡನೆಯದು ಕರೋಶಿಯಲ್ಲಿ, ಅರವತ್ತೈದು ಕಿಲೊ ಒಳಗಿನವರ ಪಂದ್ಯ. ಅಂಕಣಕ್ಕೆ ಇಳಿಯುವ ಮೊದಲು ಎಲ್ಲರೂ ತೂಕದ ಕಾಟಾ ಹತ್ತಬೇಕು. ಸರ್ಜೇರಾವ ಹತ್ತಿದ, ಮುಳ್ಳು ಗೆರೆ ದಾಟಿ ನಿಂತಿತು. ಅಲಖನೂರಿನ ದೊಡ್ಡ ಮನೆಗಳೆಲ್ಲ ಸರದಿಯ ಮೇಲೆ ಅವನಿಗೆ ಶೇಂಗಾ ಹೋಳಿಗೆ, ತುಪ್ಪ, ಕೆನೆಮೊಸರು ಬಡಿಸಿದ್ದವು. ಕಂಬಳಿ ಹೊದಿಸಿ ಬಯಲು ಸುತ್ತಿಸಿದರು. ಬೆವರು ಬಂತು, ತೂಕ ಇಳಿಯಲಿಲ್ಲ. ಬಾಬಾಸಾಹೇಬರ ಮಡದಿ ಶಿವಗಂಗವ್ವನವರಿಗೆ ಇದರಲ್ಲಿ ತಪ್ಪೇ ಕಾಣುವುದಿಲ್ಲ: "ಊರಿಗಿ ಬಂದ ಹುಡುಗನ್ನ ಅರ್ಧ ಹೊಟ್ಟ್ಯಾಗ ಎಬ್ಬಸಾಕ ಬರ್ತೈತೇನ್ರಿ?"

ಸರ್ಜೇರಾವ ಹೊರಗುಳಿದ. ಅವನ ಬದಲು ಏಳನೆಯವರಾಗಿ ಮಲಕಾರಿ ನೀರಿನ ಕೊಡ ಇಳಿಸಿ ಅಂಕಣಕ್ಕೆ ಇಳಿದರು. ಮೊದಲ ದಾಳಿಯಲ್ಲೇ ಎದುರಾಳಿಯನ್ನು ಮುಟ್ಟಿದರು, ತಿರುಗಿದರು, ಗೆರೆ ಇನ್ನೇನು ಸಿಗಬೇಕು, ಹಿಂದಿನಿಂದ ಒಬ್ಬ ಕಾಲು ಹಿಡಿದ. ಮಲಕಾರಿ ಮೈ ಸಡಿಲ ಬಿಟ್ಟು ಮಲಗಿಬಿಟ್ಟರು. ಜನ ಹೋ ಎಂದು ನಕ್ಕರು. ತಂಡ ಸೋತಿತು.

"ಗೆರಿ ಕಣ್ಣ ಮುಂದ ಇತ್ರಿ. ಮೈ ತಾನ ಸಡ್ಲ ಬಿಡ್ತು," ಎನ್ನುವಾಗ ಅವರು ತಲೆ ಎತ್ತುವುದಿಲ್ಲ. ನಾಚಿಕೆ ಇನ್ನೂ ಆರಿಲ್ಲ.

ಬರುವ ಆಯಿತವಾರ ರಾಯಬಾಗದಲ್ಲಿ ಮೂರನೆಯ ಪಂದ್ಯ. ಸರ್ಜೇರಾವನಿಗೆ ಈಗ ರೊಟ್ಟಿ, ಮಜ್ಜಿಗೆ. ಆದರೂ ಕಾಟಾದ ಭರವಸೆಯಿಲ್ಲ. "ನೀನ ಆಡಬೇಕಾಗ್ತೈತಿ. ಇನ್ನ ಮ್ಯಾಲೆ ಬಿಡಿಸ್ಕೊಳ್ಳೂದು ರೂಢಿ ಮಾಡ್ಕೊ," ಎಂದು ಬಾಬಾಸಾಹೇಬರು ಹೇಳಿ ನಾಲ್ಕು ದಿನವಾಯಿತು. ಮಲಕಾರಿ ಇನ್ನೂ ಸಡಿಲ ಬಿಡುತ್ತಲೇ ಇದ್ದಾರೆ. "ನನಗ ಒಂದ ಪಂದ್ಯ ಸಿಕ್ಕೀತು. ಹುಡುಗರು ವರ್ಷಾನಗಟ್ಟಲೆ ಆಡವ್ರು. ಅವರ ಕೈ ಕೆಡಸಾಕ ಮನಸ ಬರವಲ್ದ್ರಿ."

ಇವತ್ತು ಸುಮ್ಮನಿರದವನು ಮೂಲೆಯ ಹಿಡಿತಗಾರ ಮಾಯಪ್ಪ. "ಕಾಕಾ, ನಮ್ಮ ಕೈ ಏನಾದ್ರೂ ಆಗ್ಲಿ. ಒಮ್ಮೆ ಖರೇನ ಜಗ್ಗು," ಎನ್ನುತ್ತಾನೆ. ಮಲಕಾರಿ ಧೋತರ ಬಿಗಿದು ನುಗ್ಗುತ್ತಾರೆ. ಮಾಯಪ್ಪ ಅವರ ಒಂದು ಕಾಲನ್ನು ತಬ್ಬಿ ಹಿಡಿಯುತ್ತಾನೆ. ಮಲಕಾರಿ ಈ ಸಲ ಮೈ ಸಡಿಲ ಬಿಡುವುದಿಲ್ಲ. ಕತ್ತಿನ ನರ ಉಬ್ಬಿವೆ, ಒಂದೇ ಕಾಲಲ್ಲಿ ಹುಡುಗನನ್ನು ಮಣ್ಣಲ್ಲಿ ಎಳೆಯುತ್ತಿದ್ದಾರೆ. ಗೆರೆಗೆ ಗೇಣು ಉಳಿದಾಗ ಉಸಿರು ಮುಗಿಯುತ್ತದೆ.

ಮಾಯಪ್ಪ ಗಾಬರಿಯಿಂದ ಕೈ ಬಿಡುತ್ತಾನೆ. "ನೋವಾತೇನು ಕಾಕಾ?"

ಮಲಕಾರಿ ಗೆರೆಯನ್ನೊಮ್ಮೆ ನೋಡುತ್ತಾರೆ. ಮುಖದಲ್ಲಿ ನಿರಾಸೆ ಇದೆ, ಮುಚ್ಚಿಡುವುದೂ ಇಲ್ಲ. ಆಮೇಲೆ ಹುಡುಗನ ರಟ್ಟೆ ಹಿಡಿದು ಎಬ್ಬಿಸಿ, ಆಟ ನೋಡಲು ಬಂದು ಬದಿಯಲ್ಲಿ ನಿಂತಿದ್ದ ಬಾಬಾಸಾಹೇಬರ ಮುಂದೆ ನಿಲ್ಲಿಸುತ್ತಾರೆ.

"ಸಾವಕಾರ್ರ, ಸರ್ಜೇರಾವ ಆಡ್ಲಿ, ಬಿಡ್ಲಿ. ಇವನ ಕೈಗಿ ಸಿಕ್ಕಾವ ಗೆರಿಗಿ ಹೊಳ್ಳಿ ಹೋಗಂಗಿಲ್ರಿ. ನಾ ಇವತ್ತ ಜೀವಾ ಹಾಕಿ ಜಗ್ಗೇನಿ."